ಮಂಚದ ಬೆನ್ನು, ತಂಬಿಗೆಯ ತಳ: ಹಳೆಯ ಸಾಮಾನಿನ ವಯಸ್ಸು ಓದುವ ಬಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಊರುಗಳಲ್ಲಿ ಹಳೆಯ ವಾಡೆ ಬಿಚ್ಚಿದರೆ ಮೊದಲು ಹೋಗುವುದು ತೊಲೆ ಮತ್ತು ಕಂಬ. ಸಾಗವಾನಿಗೆ ಯಾವಾಗಲೂ ಗಿರಾಕಿ ಇದ್ದೇ ಇರುತ್ತಾರೆ. ಅದರ ಹಿಂದೆ ಬಾಗಿಲು, ಚೌಕಟ್ಟು, ಅಟ್ಟದ ಮೇಲಿನ ಸಂದೂಕ, ಪಲ್ಲಂಗ, ಕೈ ಮುರಿದ ಆರಾಮ ಖುರ್ಚಿ ಹೊರಬೀಳುತ್ತವೆ. ಪಾಲು ಹಂಚಿಕೆಯಲ್ಲಿ ಯಾರಿಗೂ ಬೇಡವಾದ ಬೆಳ್ಳಿ ತಂಬಿಗೆ, ಅತ್ತರದಾನಿ, ಅಜ್ಜನ ಕರಡಿಗೆ ಪತ್ತಾರರ ಮೂಸೆಗೆ ಬಿದ್ದು ಒಂದೇ ಗಳಿಗೆಯಲ್ಲಿ ಗಟ್ಟಿಯಾಗುತ್ತವೆ. ಉಳಿದದ್ದು ಮೋಡಕಾ (ಗುಜರಿ) ಅಂಗಡಿಗೆ. ಅಲ್ಲಿ ಅದನ್ನು ಕೊಳ್ಳಲು ಹೋದವರಿಗೆ ಸಿಗುವ ಉತ್ತರ ಮಾತ್ರ ಒಂದೇ: “ಇನ್ನೂರು ವರ್ಷದ್ದರೀ, ದೇಸಾಯರ ಮನೀದು.”

ಆ ಮಾತು ನಿಜವಿರಬಹುದು, ಇಲ್ಲದಿರಬಹುದು. ಸಾಮಾನಿನ ವಯಸ್ಸು ಸಾಮಾನಿನ ಮೈಮೇಲೆಯೇ ಇರುತ್ತದೆ. ಅದನ್ನು ಓದಲು ಒಂದು ಸೂತ್ರ ಸಾಕು: ಒಂದು ವಸ್ತುವಿನಲ್ಲಿ ಮೂಲದಿಂದಲೂ ಇರುವ ಭಾಗಗಳಲ್ಲಿ ಅತಿ ಹೊಸದು ಯಾವುದೋ, ವಸ್ತು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕಪಾಟಿನ ಕೆತ್ತನೆ ಎಷ್ಟೇ ಪುರಾತನವಾಗಿ ಕಂಡರೂ ಅದರ ಬೆನ್ನಿಗೆ ಮೊದಲಿನಿಂದಲೇ ಪ್ಲೈವುಡ್ ಹೊಡೆದಿದ್ದರೆ ಅದು 20ನೆಯ ಶತಮಾನದ ಕಪಾಟು. ಆದ್ದರಿಂದ ಕಷ್ಟವಿರುವುದು ಗುರುತು ಹುಡುಕುವುದರಲ್ಲಲ್ಲ, ಆ ಭಾಗ ಮೂಲದ್ದೋ ಆಮೇಲೆ ದುರಸ್ತಿಯಲ್ಲಿ ಸೇರಿದ್ದೋ ಎಂದು ತೀರ್ಮಾನಿಸುವುದರಲ್ಲಿ. ಬದಲಾಯಿಸಿದ ಭಾಗದ ಪಕ್ಕದಲ್ಲಿ ಹಳೆಯ ಮೊಳೆಯ ಖಾಲಿ ತೂತು, ಬೇರೆ ಅಳತೆಯ ಬೀಗದ ಗುರುತು, ಮರದ ಬಣ್ಣದಲ್ಲಿ ಥಟ್ಟನೆ ಆಗುವ ವ್ಯತ್ಯಾಸ ಕಾಣುತ್ತದೆ. ಅವು ಇಲ್ಲದಿದ್ದರೆ ಆ ಭಾಗ ಮೂಲದ್ದೆಂದು ಹಿಡಿಯಬಹುದು.

ಇನ್ನೊಂದು ಸಂಗತಿ ಈ ಸೀಮೆಗೆ ವಿಶೇಷವಾದದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಇಲ್ಲಿಯ ಸ್ಥಿತಿವಂತರು ಖುರ್ಚಿ ಮೇಜುಗಳನ್ನು ಮುಂಬಯಿ, ಪುಣೆ, ಕೊಲ್ಲಾಪುರಗಳಿಂದ ತರಿಸುತ್ತಿದ್ದರು. ಬೆಳಗಾವಿಯ ದಂಡಿನ ಪ್ರದೇಶದ ಬಿಳಿಯ ಅಧಿಕಾರಿಗಳು ವರ್ಗವಾಗಿ ಹೋಗುವಾಗ ಮನೆಯ ಸಾಮಾನು ಮಾರುತ್ತಿದ್ದರು. 1880ರ ದಶಕದಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಎದ್ದಿತು, ಅದೇ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿ ಘಟಪ್ರಭೆಯ ದಂಡೆ ಮುಟ್ಟಿತು. ಹೀಗಾಗಿ ಇಲ್ಲಿಯ ಸಾಮಾನನ್ನು ಮೈಸೂರು ಅರಮನೆಯ ಕುಸುರಿಗೋ ಚೆಟ್ಟಿನಾಡಿನ ಮಂಚಕ್ಕೋ ಹೋಲಿಸಿದರೆ ದಾರಿ ತಪ್ಪುತ್ತದೆ. ಹೋಲಿಸಿ ನೋಡಬೇಕೆನ್ನುವವರು ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬರಲಿ. ಅಡಕತ್ತರಿ, ದೀಪ, ಪಾತ್ರೆ, ಕೆತ್ತನೆಯ ಬಾಗಿಲುಗಳೆಂಬ ದಿನಬಳಕೆಯ ವಸ್ತುಗಳನ್ನೇ ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ನಮ್ಮ ಸೀಮೆಯ ಸಾಮಾನಿನ ಸಮೀಪದ ನೆಂಟರು ಅಲ್ಲಿ ಸಿಗುತ್ತಾರೆ.

ಮರದ ಸಾಮಾನು

ಮುಂಭಾಗವನ್ನು ಕೊನೆಗೆ ನೋಡಿ. ಪಾಲಿಶ್ ಹಚ್ಚುವುದು, ಉಜ್ಜಿ ಹೊಳೆಸುವುದು ಎಲ್ಲ ಮುಂದೆಯೇ. ಮೇಜನ್ನು ಮಗುಚಿ, ಖಾನೆಯನ್ನು ಪೂರ್ತಿ ಹೊರಗೆಳೆದು ತಿರುಗಿಸಿ, ಕಪಾಟನ್ನು ಗೋಡೆಯಿಂದ ಸರಿಸಿ. ಒಂದು ಟಾರ್ಚನ್ನು ಹಲಗೆಗೆ ಒರಗಿಸಿದಂತೆ ಅಡ್ಡಲಾಗಿ ಹಿಡಿದರೆ ಗರಗಸದ ಗೆರೆಗಳು ಎದ್ದು ಕಾಣುತ್ತವೆ. ಇಬ್ಬರು ಎಳೆಯುವ ಕೈಗರಗಸದ ಗೆರೆ ನೇರವಾಗಿದ್ದರೂ ಅಂತರದಲ್ಲಿ ಏರುಪೇರು ಇರುತ್ತದೆ. ಯಂತ್ರದ ದುಂಡು ಗರಗಸದ ಗೆರೆ ಕಮಾನಿನಂತೆ ಬಾಗಿರುತ್ತದೆ. ಬೆರಳನ್ನು ಅಡ್ಡಡ್ಡ ಎಳೆದಾಗ ಸಣ್ಣ ಅಲೆಗಳು ತಾಗಿದರೆ ಅದು ಕೈಯಿಂದ ರಂದಾ ಹೊಡೆದ ಹಲಗೆ. ಆದರೆ ಇಲ್ಲೊಂದು ಎಚ್ಚರ ಬೇಕು. ನಮ್ಮ ಹಳ್ಳಿಗಳ ಬಡಿಗೇರರು ಸಾ ಮಿಲ್ ಬಂದ ಮೇಲೂ ಎಷ್ಟೋ ವರ್ಷ ಕೈಗರಗಸ, ಕೈರಂದಾಗಳಲ್ಲೇ ಕೆಲಸ ಮಾಡಿದ್ದಾರೆ. ಆದ್ದರಿಂದ ಕೈಕೆಲಸದ ಗುರುತು ವಸ್ತು ಹಳೆಯದು ಎನ್ನುವುದಕ್ಕೆ ಪುರಾವೆಯಾಗದು. ಯಂತ್ರದ ಗುರುತು ಮಾತ್ರ ವಸ್ತು ಅಷ್ಟು ಹಳೆಯದಲ್ಲ ಎಂಬುದಕ್ಕೆ ಗಟ್ಟಿ ಪುರಾವೆ.

ಮೊಳೆ, ಸ್ಕ್ರೂಗಳು ಇನ್ನೂ ಸ್ಪಷ್ಟವಾಗಿ ಮಾತಾಡುತ್ತವೆ. ಕಂಬಾರ ಬಡಿದು ಮಾಡಿದ ಚೌಕ ಮೊಳೆಗೆ ತಲೆ ಒಂದೇ ಸಮ ಇರುವುದಿಲ್ಲ. ತಂತಿಯಿಂದ ಮಾಡಿದ ದುಂಡು ಮೊಳೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹಬ್ಬಿದ್ದು. ಮೂತಿ ಮೊಂಡಾಗಿ, ತಲೆಯ ಸೀಳು ನಟ್ಟನಡುವೆ ಇಲ್ಲದ ಸ್ಕ್ರೂ ಸುಮಾರು 1850ಕ್ಕೆ ಹಿಂದಿನ ಮಾದರಿ. ಚೂಪು ಮೂತಿಯ, ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುವ ಸ್ಕ್ರೂ ಅದರ ಈಚಿನದು. ನಾವು ಸ್ಟಾರ್ ಸ್ಕ್ರೂ ಎನ್ನುವ ಅಡ್ಡಸೀಳಿನ ತಲೆ ಅಮೆರಿಕದಲ್ಲೇ ಬಂದದ್ದು 1930ರ ದಶಕದಲ್ಲಿ. ಜೋಡಣೆಯ ಸಂದಿನಲ್ಲಿ ಬಿಳಿಯಾಗಿ ಒಣಗಿದ ಅಂಟು ಇದ್ದರೆ 1959 ನೆನಪಿರಲಿ, ಫೆವಿಕಾಲ್ ಮಾರುಕಟ್ಟೆಗೆ ಬಂದ ವರ್ಷ ಅದು. ಅದಕ್ಕೆ ಮೊದಲು ಬಡಿಗೇರರು ಕಾಯಿಸಿ ಹಚ್ಚುತ್ತಿದ್ದ ಸರಸ್ ಕಂದು ಬಣ್ಣದ ಗಾಜಿನಂತೆ ಒಣಗಿ ಉದುರುತ್ತದೆ. ಇನ್ನು ಬೀಗ: ಗೋದ್ರೆಜ್ ಬೀಗದ ಕಾರ್ಖಾನೆ ಶುರುವಾದದ್ದು 1897ರಲ್ಲಿ. ಸಂದೂಕಕ್ಕೆ ಆ ಹೆಸರಿನ ಬೀಗ ಮೂಲದಿಂದಲೇ ಇದ್ದರೆ, ಅದು ಪೇಶವೆಯರ ಕಾಲದ್ದೆನ್ನುವ ಮಾತನ್ನು ಅಲ್ಲಿಯೇ ಬಿಡಬಹುದು.

ಸವಕಳಿಯೂ ಸುಳ್ಳು ಹೇಳುವುದಿಲ್ಲ. ನಿಜವಾಗಿ ಬಳಸಿದ ಖುರ್ಚಿಯಲ್ಲಿ ಅಂಗೈ ಕೂರುವ ತುದಿ, ಹಿಮ್ಮಡಿ ತಾಗುವ ಅಡ್ಡಪಟ್ಟಿ, ಹಿಂಗಾಲಿನ ತಳ ಸವೆದಿರುತ್ತವೆ. ಖಾನೆಯ ತಳದ ಎರಡು ಅಂಚು, ಅದು ಓಡಾಡುವ ಪಟ್ಟಿ ಎರಡೂ ಒಂದಕ್ಕೊಂದು ಹೊಂದುವಂತೆ ತೆಳುವಾಗಿರುತ್ತವೆ. ಯಾರ ಕೈಯೂ ಹೋಗದ ಮೂಲೆಗಳಲ್ಲಿ ಸಮನಾಗಿ ಉಜ್ಜಿದಂತಿದ್ದು, ಮುಟ್ಟುವ ಜಾಗ ಹೊಸದಾಗಿದ್ದರೆ ಅದನ್ನು ಬೇಕೆಂದೇ ಹಳೆಯದು ಮಾಡಿದ್ದಾರೆ ಎಂದೇ ಅರ್ಥ. ದುಂಡು ಮೇಜಿಗೆ ಒಂದು ಟೇಪು ಹಿಡಿದು ನೋಡಿ. ಮರ ಒಣಗುತ್ತ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ನಗಣ್ಯ. ಹಳೆಯ ದುಂಡು ಮೇಜು ಎಳೆಯುದ್ದಕ್ಕೂ ಅಡ್ಡಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ತೋರಿಸುತ್ತದೆ. ಸಾಗವಾನಿ ಕುಗ್ಗುವುದು ಬಹಳ ಕಡಿಮೆ, ಆದ್ದರಿಂದ ಅದರಲ್ಲಿ ಈ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬಾರದು.

ಕೆಲವು ಸಾಮಾನುಗಳು ತಮ್ಮ ಕಾಲವನ್ನು ಬರೆದುಕೊಂಡೇ ಬಂದಿರುತ್ತವೆ. ಗೋಕಾಕ ರೋಡ್, ಘಟಪ್ರಭಾ, ಪಾಚ್ಛಾಪುರದಂಥ ಸ್ಟೇಷನ್‌ಗಳಿರುವ ಈ ಸೀಮೆಯಲ್ಲಿ ರೈಲ್ವೆಯ ಬೆಂಚು, ಖುರ್ಚಿ, ಲಾಟೀನು ಆಗಾಗ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಅವುಗಳ ಮೇಲೆ ಇಂಗ್ಲಿಷಿನಲ್ಲಿ ‘ಎಸ್ ಎಂ ಆರ್’ ಎಂಬ ಠಸ್ಸೆ ಇದ್ದರೆ ದಕ್ಷಿಣ ಮರಾಠಾ ರೈಲ್ವೆಯದು, ಅಂದರೆ 1908ಕ್ಕೆ ಮೊದಲಿನದು. ‘ಎಂ ಆ್ಯಂಡ್ ಎಸ್ ಎಂ’ ಎಂದಿದ್ದರೆ 1908ರಿಂದ 1951ರ ನಡುವಿನದು. ಆ ರೈಲ್ವೆ 1951ರ ಏಪ್ರಿಲಿನಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಇಷ್ಟು ನಿಖರವಾದ ಗುರುತು ಅರಮನೆಯ ಸಾಮಾನಿನಲ್ಲೂ ಸಿಗುವುದಿಲ್ಲ. ಹಾಗೆಯೇ ಹಬೆಯಲ್ಲಿ ಬಗ್ಗಿಸಿದ ಮರದ, ಬೆತ್ತದ ಹೆಣಿಗೆಯ ಹಗುರ ಖುರ್ಚಿ ಸಿಕ್ಕರೆ ಕೂರುವ ಬಳೆಯ ಒಳಭಾಗ ನೋಡಿ. ವಿಯೆನ್ನಾದ ಥೋನೆಟ್ ಅಥವಾ ಕೋನ್ ಕಂಪನಿಯ ಚೀಟಿ, ಠಸ್ಸೆ ಅಲ್ಲಿರಬಹುದು. ಥೋನೆಟ್‌ನ ಹೆಸರಾಂತ 14ನೆಯ ನಂಬರಿನ ಖುರ್ಚಿ ಹುಟ್ಟಿದ್ದು 1859ರಲ್ಲಿ, ಅದರ ನಕಲುಗಳು ಲೆಕ್ಕವಿಲ್ಲದಷ್ಟು. ‘ಚೆಕೊಸ್ಲೊವಾಕಿಯಾ’ ಎಂಬ ಹೆಸರು ಕಂಡರೆ 1918ರ ಈಚಿನದು, ಆ ದೇಶ ಹುಟ್ಟಿದ್ದೇ ಆಗ. ಮಂಚದ ತಲೆದಿಸೆಗೋ ಕೈತೊಳೆಯುವ ಸ್ಟ್ಯಾಂಡಿಗೋ ಉಬ್ಬು ಹೂವಿನ ಬಣ್ಣದ ಹಂಚುಬಿಲ್ಲೆ ಕೂರಿಸಿದ್ದರೆ ಹೆಚ್ಚಾಗಿ ಅವು ಜಪಾನಿನಿಂದ 1910ರಿಂದ 1930ರ ದಶಕದವರೆಗೆ ಬಂದಂಥವು. ಒಂದು ಬಿಲ್ಲೆ ಸಡಿಲಾಗಿದ್ದರೆ ಬೆನ್ನಿನ ಉಬ್ಬಕ್ಷರ ಓದಿಕೊಳ್ಳಿ, ಗಟ್ಟಿಯಾಗಿ ಕೂತಿದ್ದರೆ ಕೀಳಬೇಡಿ. ಮೂಲೆ ದುಂಡಾದ, ಮೆಟ್ಟಿಲಿನಂತೆ ಏರುವ ಕನ್ನಡಿ ಕಪಾಟುಗಳು 1930ರಿಂದ 50ರವರೆಗಿನ ಮುಂಬಯಿಯ ಆರ್ಟ್ ಡೆಕೋ ಗಾಳಿಯವು.

ಗೋಡೆಯ ಫೋಟೋದ ಚೌಕಟ್ಟನ್ನೂ ಬಿಡಬೇಡಿ. ರವಿವರ್ಮ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಕೆಲವೇ ವರ್ಷಗಳಲ್ಲಿ ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಚಿತ್ರದ ಅಂಚಿನಲ್ಲಿ ಅಚ್ಚಾದ ಊರಿನ ಹೆಸರು ಕಾಲವನ್ನು ಹತ್ತಿರಕ್ಕೆ ತರುತ್ತದೆ. ಅದನ್ನು ಮುಚ್ಚುವಂತೆ ಹೊಸ ಚೌಕಟ್ಟು ಹಾಕಿಸುವುದು ಬೇಡ.

ಗೋಕಾಕದಲ್ಲಿ ಕೊಳ್ಳುವವರಿಗೆ ಒಂದು ಮಾತು. 2019ರ ಆಗಸ್ಟಿನ ಪ್ರವಾಹದಲ್ಲಿ ಘಟಪ್ರಭೆ ಊರೊಳಗೆ ನುಗ್ಗಿ ಸಾವಿರಾರು ಮನೆಗಳ ಸಾಮಾನು ನೀರಲ್ಲಿ ನಿಂತಿತ್ತು. ನೆರೆಯ ನೀರು ಕುಡಿದ ಹೊಸ ಮರವೂ ಬಣ್ಣಗೆಟ್ಟು ನೂರು ವರ್ಷದ್ದರಂತೆ ಕಾಣುತ್ತದೆ. ನಾಲ್ಕೂ ಕಾಲಿಗೆ ಒಂದೇ ಎತ್ತರದಲ್ಲಿ ಕಲೆಯ ಗೆರೆ, ಜೋಡಣೆಯ ಸಂದಿನಲ್ಲಿ ನುಣ್ಣನೆಯ ಮಣ್ಣು, ಮೊಳೆಯ ಸುತ್ತ ಕಪ್ಪು ಹರಡಿದ್ದು ಕಂಡರೆ ಅದು ನೀರಿನ ಗುರುತು, ವಯಸ್ಸಿನದಲ್ಲ. ಒಳ್ಳೆಯ ಸಾಗವಾನಿ ಇದನ್ನು ತಾಳಿಕೊಳ್ಳುತ್ತದೆ. ಅಂಟಿಸಿದ ತೆಳು ಹಾಳೆಯ ಮರ ತಾಳುವುದಿಲ್ಲ.

ಬೆಳ್ಳಿ

ಮರದ ಸಾಮಾನಿಗಿಂತ ಬೆಳ್ಳಿಯ ಬಗ್ಗೆ ನನಗೆ ಹೆಚ್ಚು ಆತಂಕ. ಖುರ್ಚಿ ಮುರಿದರೂ ಅಟ್ಟದಲ್ಲಿ ಉಳಿಯುತ್ತದೆ, ಬೆಳ್ಳಿ ಕರಗಿದರೆ ಅದರ ಮೇಲಿನ ಹೆಸರು, ತೂಕ, ತಾರೀಖು ಎಲ್ಲವೂ ಹೋದಂತೆ. ಮಾರುವ ಮುನ್ನ ಒಂದು ಸಲ ತಳ ತಿರುಗಿಸಿ ಓದಿ ಎಂದು ಕೇಳಿಕೊಳ್ಳಲೇಬೇಕಾಗಿದೆ.

ಈ ಸೀಮೆಯ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಪೂಜೆಯ ತಂಬಿಗೆ, ಪಂಚಪಾತ್ರೆ, ಉದ್ಧರಣೆ, ಗುಲಾಬದಾನಿ, ಎಲೆ ಅಡಿಕೆಯ ತಬಕು, ಸುಣ್ಣದ ಡಬ್ಬಿ, ಉಡದಾರ, ಕಾಲ್ಗಡಗ, ಪೈಜಣ. ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗದ ಗುಂಡಗಡಗಿ, ಚೌಕ. ಪೈಜಣ ಮುಂತಾದ ಕಾಲಿನ ಆಭರಣಗಳಿಗೆ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹುಪರಿ ಹೆಸರಾದ ಊರು, ಇಂದಿಗೂ ಅಲ್ಲಿ ಆ ಕಸುಬು ನಡೆದಿದೆ. ಆದ್ದರಿಂದ ಹಳೆಯ ಮಾದರಿ ಎಂದ ಮಾತ್ರಕ್ಕೆ ಹಳೆಯ ಪೈಜಣ ಎನ್ನಲಾಗದು. ಕೊಂಡಿಯ ಒಳಭಾಗ, ಬಳೆ ಬಳೆ ಉಜ್ಜಿಕೊಳ್ಳುವ ಜಾಗ ಸವೆದಿದೆಯೇ ನೋಡಬೇಕು.

ತಳದಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಬರಹವೇ ಮೊದಲ ದಾಖಲೆ. ವಿದ್ಯುತ್ ಪೆನ್ನಿನಿಂದ ಕೊರೆದ ಅಕ್ಷರ ಒಂದೇ ಸಮನೆ ನಡುಗಿದ ಗೆರೆಯಂತಿರುತ್ತದೆ, ಅದು ಈಚಿನದು. ಬರಹ ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ 20ನೆಯ ಶತಮಾನದ ಮಧ್ಯಕ್ಕಿಂತ ಹಿಂದಿನದೆಂದು ಬಹುಮಟ್ಟಿಗೆ ಹೇಳಬಹುದು, ಆಮೇಲೆ ಆ ಲಿಪಿ ಬಳಕೆಯಿಂದ ಹೋಯಿತು. ಬಾಳಬೋಧದಲ್ಲಿ, ಅಂದರೆ ನಾಗರಿ ಲಿಪಿಯಲ್ಲಿ, ಇದ್ದರೆ ಅಚ್ಚರಿಪಡಬೇಕಿಲ್ಲ. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯುವ ಮುನ್ನ ಈ ಭಾಗದ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ, ಲೆಕ್ಕಪತ್ರದ ಆ ರೂಢಿ ಅಚ್ಚ ಕನ್ನಡ ಮನೆಗಳಲ್ಲೂ ಬಹುಕಾಲ ಉಳಿಯಿತು. ಕನ್ನಡ ಅಕ್ಷರವೆಂದರೆ ಹೊಸದು, ನಾಗರಿ ಎಂದರೆ ಹಳೆಯದು ಎಂದು ಗೆರೆ ಎಳೆಯಬೇಡಿ.

ಶಕೆ ಎಂದು ಬರೆದಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯೊಳಗಿನ ತಿಂಗಳಾದರೆ 79. ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಬಹುದು. ‘ಶಕೆ 1827 ವಿಶ್ವಾವಸು’ ಎಂದಿದ್ದರೆ 1905ರ ಯುಗಾದಿಯಿಂದ ಒಂದು ವರ್ಷ. ವಿಶ್ವಾವಸು ಮತ್ತೆ ಬಂದದ್ದು 1965ರಲ್ಲಿ, ಆಮೇಲೆ 2025ರಲ್ಲಿ. ಶಕೆಗೂ ಸಂವತ್ಸರಕ್ಕೂ ಹೊಂದದಿದ್ದರೆ ಬರಹ ಓದಿದ್ದರಲ್ಲಿ ತಪ್ಪಿದೆ, ಇಲ್ಲವೇ ಬರಹವೇ ಆಮೇಲೆ ಸೇರಿಸಿದ್ದು. ಹೆಸರು ಮಾತ್ರ ಇದ್ದು ವರ್ಷ ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳುವುದೇ ದಾರಿ. ಕೇಳುವಾಗ ಯಾವ ಇಸವಿ ಎನ್ನಬೇಡಿ. “ಆಯಿ, ಇದು ಯಾರ ಲಗ್ನದಾಗ ಬಂದದ್ದು?” ಎನ್ನಿ. ಪ್ಲೇಗಿನ ಹಿಂದೆಯೋ ಮುಂದೆಯೋ, ಎಪ್ಪತ್ತೆರಡರ ಬರದಾಗ ಒತ್ತೆ ಇಟ್ಟು ಬಿಡಿಸಿದ್ದೋ, ಹಿಡಕಲ್ ಡ್ಯಾಂ ಆಗುವಾಗ ಊರು ಬಿಟ್ಟಾಗ ಜೊತೆಗೆ ಬಂದದ್ದೋ ಎಂದು ಅವರು ಹೇಳುವ ಮಾತಿನಲ್ಲಿ ಇಸವಿ ತಾನಾಗಿಯೇ ಸಿಗುತ್ತದೆ.

ಹೆಸರಿನ ಪಕ್ಕದಲ್ಲಿ ತೂಕ ಹೊಡೆದಿದ್ದರೆ ಅದಕ್ಕೆ ಇನ್ನೂ ಹೆಚ್ಚಿನ ಬೆಲೆ. ದಶಮಾಂಶ ಪದ್ಧತಿಯ ತೂಕ ದೇಶದಲ್ಲಿ 1958ರಿಂದ 1962ರೊಳಗೆ ಹಂತಹಂತವಾಗಿ ಬಂತು. ಅದಕ್ಕೆ ಮೊದಲಿನ ತೊಲ 11.66 ಗ್ರಾಂ. ಈಗ ಅಂಗಡಿಯಲ್ಲಿ ತೊಲ ಎಂದರೆ 10 ಗ್ರಾಂ ಎಂಬ ರೂಢಿ. ತಳದಲ್ಲಿ 24 ತೊಲ ಎಂದಿರುವ ತಂಬಿಗೆ ಇಂದು ತಕ್ಕಡಿಯಲ್ಲಿ ಸುಮಾರು 280 ಗ್ರಾಂ, ಸವೆದದ್ದು ಕಳೆದರೆ ತುಸು ಕಡಿಮೆ ಬರಬೇಕು. ಸರಿಯಾಗಿ 240 ಗ್ರಾಂ ಬಂದರೆ ಅದು ಹೊಸ ತೊಲದ ಕಾಲದ ತಂಬಿಗೆ. 280ಕ್ಕಿಂತ ಹೆಚ್ಚು ಬಂದರೆ ಎಲ್ಲೋ ಬೆಸುಗೆಯ ದುರಸ್ತಿ ಸೇರಿದೆ, ಕಂಠದ ಸುತ್ತ, ತಳದ ಬಳೆಯ ಹತ್ತಿರ ಹುಡುಕಿ.

ನಾಣ್ಯ ಪೋಣಿಸಿದ ಸರಗಳ ಕಾಲ ಹೇಳುವುದು ಸುಲಭವೆನಿಸುತ್ತದೆ, ಅಷ್ಟು ಸುಲಭವಲ್ಲ. ಸರದಲ್ಲಿ ಮೂಲದಿಂದ ಇರುವ ಅತಿ ಹೊಸ ನಾಣ್ಯವೇ ಲೆಕ್ಕಕ್ಕೆ. ವಿಕ್ಟೋರಿಯಾ ‘ರಾಣಿ’ ಎಂದಿದ್ದದ್ದು 1877ರಿಂದ ‘ಸಾಮ್ರಾಜ್ಞಿ’ ಆಯಿತು. ಅದಕ್ಕೆ ಹಿಂದಿನ ರೂಪಾಯಿಗಳಲ್ಲಿ 1862 ಎಂಬ ಇಸವಿಯನ್ನು ಬದಲಿಸದೆ ಮುಂದೆ ಒಂದು ದಶಕಕ್ಕೂ ಹೆಚ್ಚು ಕಾಲ ಟಂಕಿಸಿದ್ದರು, ಹಾಗಾಗಿ 1862ರ ರೂಪಾಯಿ ನಿಜವಾಗಿ 1870ರದ್ದಿರಬಹುದು. 1939ರವರೆಗಿನ ರೂಪಾಯಿ ಒಂದು ತೊಲ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಅರ್ಧ ಬೆಳ್ಳಿ. 1947ರದ್ದು ಬರೀ ನಿಕ್ಕಲ್. ನಕಲಿ ನಾಣ್ಯಗಳು ಹೇರಳ. ಅಕ್ಷರಗಳ ಅಂಚು ಸವೆಯದೆಯೂ ಮೊಂಡಾಗಿದ್ದರೆ, ಅಂಚಿನ ಸುತ್ತ ಎರಕದ ಗೆರೆ ಇದ್ದರೆ ಬೇಡವೆನ್ನಿ.

ವಿಲಾಯತಿ ಚಮಚ, ತಟ್ಟೆಗಳ ಮೇಲಿನ ಠಸ್ಸೆ ಓದಲು ಭೂತಗನ್ನಡಿ ಬೇಕು. ಎಡಕ್ಕೆ ನಡೆಯುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲಿನ ಇಂಗ್ಲಿಷ್ ಬೆಳ್ಳಿ. ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖ ಇದ್ದರೆ ಲಂಡನ್. ಇನ್ನೊಂದು ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ರಾಜನದೋ ರಾಣಿಯದೋ ತಲೆಯ ಸಣ್ಣ ಗುರುತಿದ್ದರೆ ಸಾಮಾನ್ಯವಾಗಿ 1890ರ ಒಳಗಿನದು; ಅದು ಬೆಳ್ಳಿಯ ತೆರಿಗೆ ಕಟ್ಟಿದ್ದರ ಗುರುತು, ಆ ತೆರಿಗೆ ಆಗ ನಿಂತಿತು. ಮೋಸ ಹೋಗುವುದು ನಾಲ್ಕು ಪುಟ್ಟ ಚೌಕಗಳಲ್ಲಿ ಅಲಂಕಾರದ ಇಂಗ್ಲಿಷ್ ಅಕ್ಷರಗಳಲ್ಲಿ ‘ಇ ಪಿ ಎನ್ ಎಸ್’ ಎಂದಿರುವ ಕಡೆ. ಅದು ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು, 1840ರ ಈಚಿನ ವಿದ್ಯೆ. ಜರ್ಮನ್ ಸಿಲ್ವರ್ ಎಂಬ ಲೋಹದಲ್ಲಿಯೇ ಬೆಳ್ಳಿಯ ಕಣವೂ ಇಲ್ಲ, ತಾಮ್ರ, ಸತುವು, ನಿಕ್ಕಲ್‌ಗಳ ಬೆರಕೆ ಅದು. ಬ್ರಿಟಿಷ್ ಭಾರತದಲ್ಲಿ ಸರ್ಕಾರಿ ಹಾಲ್‌ಮಾರ್ಕ್ ಇರಲೇ ಇಲ್ಲ, ಆದ್ದರಿಂದ ಮದ್ರಾಸಿನ ಪಿ. ಓರ್ ಆ್ಯಂಡ್ ಸನ್ಸ್, ಕಲಕತ್ತೆಯ ಹ್ಯಾಮಿಲ್ಟನ್‌ನಂಥ ಅಂಗಡಿಗಳ ಸಾಮಾನಿನಲ್ಲಿ ಅಂಗಡಿಯ ಹೆಸರೇ ಗುರುತು. ಬಿಐಎಸ್ ತ್ರಿಕೋನ ಇರುವ ಬೆಳ್ಳಿ 2005ರ ಈಚಿನದು.

ಏನೂ ಗುರುತಿಲ್ಲದಿದ್ದರೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮೊದಲು ವಸ್ತುವಿನ ತೂಕ ಬರೆದುಕೊಳ್ಳಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಅಂಕಿ ಸೊನ್ನೆ ಮಾಡಿ, ವಸ್ತುವನ್ನು ದಾರದಲ್ಲಿ ತೂಗಿ ತಳ, ಅಂಚು ತಾಗದಂತೆ ಪೂರ್ತಿ ಮುಳುಗಿಸಿ. ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 207 ಗ್ರಾಂ ವಸ್ತು 20 ತೋರಿಸಿದರೆ 10.35, ಒಳ್ಳೆಯ ಬೆಳ್ಳಿ. 24 ತೋರಿಸಿದರೆ 8.6, ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್. ಶುದ್ಧ ಬೆಳ್ಳಿ 10.5ರ ಹತ್ತಿರ. ಒಳಗೆ ಅರಗು ತುಂಬಿದ ಕಡಗ, ಕರಡಿಗೆ, ಮರಕ್ಕೆ ತಗಡು ಹೊದಿಸಿದ ಪ್ರಭಾವಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವುಗಳನ್ನು ನಂಬಿಕೆಯ ಪತ್ತಾರರ ಒರೆಗಲ್ಲಿಗೆ ಒಯ್ಯಿರಿ, ಕಾಣದ ಜಾಗದಲ್ಲಿ ಮಾತ್ರ ಒರೆ ಹಚ್ಚಲು ಹೇಳಿ.

ಓದುವ ಮುಂಚೆ ತೊಳೆಯಬೇಡಿ. ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಹಾಕಿ ತಿಕ್ಕಿದಷ್ಟೂ ಚುಕ್ಕಿ ಬರಹ ಸವೆಯುತ್ತದೆ, ಕುಸುರಿಯ ಸಂದಿನ ಕಪ್ಪು ಹೋಗಿ ಕೆಲಸದ ಆಳವೇ ಮಾಯವಾಗುತ್ತದೆ. ಬೆಚ್ಚಗಿನ ಸಾಬೂನು ನೀರು, ಮೆತ್ತನೆಯ ಅರಿವೆ ಸಾಕು. ಮರದ ಸಾಮಾನಿಗೂ ಅಷ್ಟೇ. ಮೇಲ್ಮೈ ಹೆರೆದು ಹೊಸ ಪಾಲಿಶ್ ಹಚ್ಚಿಸಿದ ದಿನ ಅದರ ಅರ್ಧ ಪುರಾವೆ ಹೆರೆಪುಡಿಯಲ್ಲಿ ಹೋಗಿರುತ್ತದೆ.

ಕೊಳ್ಳುವ ಮುನ್ನ ಕಾನೂನು ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ಕಲಾಕುಶಲ ವಸ್ತು ಪ್ರಾಚ್ಯವಸ್ತು ಎನಿಸುತ್ತದೆ, ಹಸ್ತಪ್ರತಿಗಾದರೆ 75 ವರ್ಷ. ಮನೆಯಲ್ಲಿ ಇಟ್ಟುಕೊಳ್ಳಬಹುದು, ದೇಶದ ಹೊರಗೆ ಖಾಸಗಿಯವರು ಒಯ್ಯುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಕಲ್ಲು, ಲೋಹ, ಮರದ ಮೂರ್ತಿಗಳಂಥವಕ್ಕೆ ನೋಂದಣಿ ಕಡ್ಡಾಯ. ಗುಡಿಯದೆಂದು ಅನುಮಾನ ಬರುವ ಮೂರ್ತಿ, ಪ್ರಭಾವಳಿ, ಉತ್ಸವದ ಮುಖವಾಡಗಳನ್ನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟಬಾರದು. ದಂತದ ಹಿಡಿಕೆ, ದಂತದ ಕೂರಿಕೆ ಇರುವ ಪೆಟ್ಟಿಗೆಯ ಮಾರಾಟ ವನ್ಯಜೀವಿ ಕಾಯ್ದೆಯಡಿ ಅಪರಾಧ. ವಾಡೆಯ ಪಾಯ ಅಗೆಯುವಾಗ ನಾಣ್ಯದ ಗಡಿಗೆಯೋ ಬೆಳ್ಳಿಯೋ ಸಿಕ್ಕರೆ ಅದು ತಾನಾಗಿಯೇ ಜಾಗದ ಮಾಲೀಕರದೂ ಆಗುವುದಿಲ್ಲ, ಅಗೆದವರದೂ ಆಗುವುದಿಲ್ಲ. ರಾಜ್ಯದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಕೊಂಡ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಊರಿನ ಮನೆಯಿಂದ ಹೊರಟದ್ದು, ಯಾರ ಕೈಯಿಂದ ಬಂತು, ಅಳತೆ, ತೂಕ, ತಳದ ಬರಹದ ಅಕ್ಷರಶಃ ಪ್ರತಿ. ಅಡ್ಡ ಬೆಳಕಿನಲ್ಲಿ ತಳದ್ದು, ಬೆನ್ನಿನದು, ಪ್ರತಿ ಠಸ್ಸೆಯದು ಎಂದು ಪ್ರತ್ಯೇಕ ಫೋಟೋ ತೆಗೆಯಿರಿ. ಮಾರಿದವರು ಹೇಳಿದ್ದನ್ನು ಒಂದು ಕಡೆ, ನೀವು ಕಂಡದ್ದನ್ನು ಇನ್ನೊಂದು ಕಡೆ ಬರೆಯಿರಿ, ಎರಡನ್ನೂ ಬೆರೆಸಬೇಡಿ. ಬೆಳ್ಳಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟದೆ, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ರಬ್ಬರಿನೊಳಗಿನ ಗಂಧಕ ತಾಗಿದ ಕಡೆ ಕಪ್ಪು ಗೆರೆ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ.